ಬಾನೆಟ್ಟಿನ ಇನ್ನೊಂದು ತುದಿ

ಬಾನೆಟ್ಟು ಒಬ್ಬರೇ ಎತ್ತುವ ವಸ್ತುವಲ್ಲ.
ಅದಕ್ಕೇ ಕರೆಯುತ್ತಾಳೆ ನನ್ನನ್ನು ಇಲೋನಾ ವಾರ್ಗೊ,
ಬೇಲಿಯ ಕಂಬಿಗೆ ಸ್ಪ್ಯಾನರ್ ಬಡಿದು.
ಹೋಗುತ್ತೇನೆ. ಇನ್ನೊಂದು ತುದಿ ಹಿಡಿಯುತ್ತೇನೆ.
ಟೊಲಿಡೊದಲ್ಲಿ ನನಗೀಗ ಉಳಿದಿರುವ ಉದ್ಯೋಗ ಇಷ್ಟೆ.

ಎಪ್ಪತ್ತನೇ ಇಸವಿಯ ಶೆವೆಲ್. ಇಂಜಿನ್ ಬೇರೆಯದು,
ಅದರ ತಲೆಯ ಮೇಲೆ ಕಾರ್ಬ್ಯುರೇಟರ್, ಅದರ ತಲೆಯ ಮೇಲೆ
ಕೇಕಿನ ತಟ್ಟೆಯಷ್ಟಗಲ ಗಾಳಿಯ ಫಿಲ್ಟರ್.
ಬಾನೆಟ್ಟು ಮುಚ್ಚಲೊಲ್ಲದು.
ಬಾಯಿ ತೆರೆದು ನಿದ್ದೆಹೋದ ಮುದುಕನ ಹಾಗೆ
ಮೂರು ವಾರ ಗ್ಯಾರೇಜಿನಲ್ಲಿ.
‘ಇಂಜಿನ್ ತಗ್ಗಿಸು’ ಅಂದೆ.
‘ನಿನ್ನ ದನಿ ತಗ್ಗಿಸು’ ಅಂದಳು.

ಮೂವತ್ತೊಂದು ವರ್ಷ ಶಾಲೆಯ ಬಸ್ಸುಗಳ
ಹಳದಿ ಬಾನೆಟ್ಟಿನಡಿ ಬಾಗಿದವಳು.
ಒಂದರಲ್ಲೂ ಒಂದು ಸ್ಕ್ರೂ ತನ್ನಿಷ್ಟದ್ದಲ್ಲ.
ನಾನೋ, ಪ್ರೆಸ್ಸಿನ ಮುಂದೆ ನಿಂತವನು:
ತಗಡು ಇಡು, ಕೈ ತೆಗೆ, ಧಡ್.
ಎಷ್ಟು ಸಾವಿರ ಬಾನೆಟ್ಟು ದಾಟಿದವೋ ಈ ಕೈಯನ್ನು,
ಒಂದರ ಮುಖವೂ ನೆನಪಿಲ್ಲ.

ಫಿಲ್ಟರ್ ಬಿಚ್ಚಿಟ್ಟು, ಮೊಮ್ಮಗನ ಆಟದ ಜೇಡಿಮಣ್ಣಿನಿಂದ
ಹಸಿರು ಉಂಡೆ ನಾಲ್ಕು ಕಟ್ಟಿ
ಕಾರ್ಬ್ಯುರೇಟರಿನ ಅಂಚಿಗೆ ಕೂರಿಸಿದಳು.
ಮೆಲ್ಲಗೆ ಇಳಿಸಿದೆವು. ಮೆಲ್ಲಗೆ ಎತ್ತಿದೆವು.
ಮುಂದಿನವೆರಡು ಚಪ್ಪಟೆ ನಾಣ್ಯ,
ಹಿಂದಿನವು ಇನ್ನೂ ಅಣಬೆ.
ಅಳೆದಳು, ಕೂಡಿದಳು, ಕಳೆದಳು.
ಗೋಡೆಯ ಮೇಲೆ, ಕೊಳಾಯಿಯವನ ಫೋನ್ ನಂಬರಿನ ಪಕ್ಕ
ಬರೆದಳು: ಎರಡೂವರೆ ಇಂಚು.

ಗ್ರೈಂಡರ್ ತಗುಲಿದಾಗ
ನನ್ನ ಎದೆ ಝಲ್ಲೆಂದಿತು, ಸುಳ್ಳೇಕೆ.
ಯಾವನೋ ನನ್ನಂಥವನು ಕೈ ತೆಗೆದು, ಧಡ್ ಎನಿಸಿ,
ಊಟದ ಗಂಟೆಗೆ ಕಾಯುತ್ತ ಕಳಿಸಿದ್ದು ಇದನ್ನು.
ಕಿಡಿಗಳು ನನ್ನ ಬೂಟಿನ ಮೇಲೆ ಬಿದ್ದು ಆರಿದವು.
ತಟ್ಟೆಯಗಲದ ತೂತಿನಿಂದ
ಅವಳ ಮುಖ ಕಂಡಿತು, ಕೆಳಗಿನಿಂದ,
ಕನ್ನಡಕದ ತುಂಬ ಧೂಳು. ನಗುತ್ತಿದ್ದಳು.

ಉಬ್ಬಿಗೆ ತಗಡು ಎಲ್ಲಿಂದ ಎನ್ನುತ್ತೀರಾ?
ಬಾಗಿಲು ಮುಚ್ಚಿದ ಬಸ್ ಡಿಪೋದ ಫೈಲುಗಳ ಬೀರು,
ಅದರ ಎಡ ಮಗ್ಗುಲು.
ಒಳಮೈಯಲ್ಲಿ ಇನ್ನೂ ಅಂಟಿತ್ತು ಒಂದು ಚೀಟಿ:
‘ಅನುಮತಿಯಿಲ್ಲದೆ ತೆರೆಯಬಾರದು’.
ಅದನ್ನವಳು ಕೀಳಲಿಲ್ಲ, ಸುತ್ತ ಬೆಸುಗೆ ಹಾಕಿದಳು,
ಚೀಟಿ ಕಂದಿ, ಸುರುಟಿ, ತಾನೇ ಉದುರಿತು.

ಇಲ್ಲೊಂದು ಚುಕ್ಕಿ. ಗೇಣು ಬಿಟ್ಟು ಅಲ್ಲೊಂದು ಚುಕ್ಕಿ.
ಒದ್ದೆ ಬಟ್ಟೆ ಒತ್ತು, ಚುಯ್, ಕಾಯಿ.
ಆತುರಗಾರನಿಗೆ ಬುದ್ಧಿ ಮಟ್ಟ;
ಒಂದೇ ಉಸಿರಿಗೆ ಗೆರೆ ಎಳೆದರೆ
ಎಣ್ಣೆಗೆ ಬಿದ್ದ ಹಪ್ಪಳ, ಈ ತಗಡು.
ಒಂದು ಸಂಜೆಗೆ ಒಂದು ಮೂಲೆ.
ಉಳಿದ ಹೊತ್ತು ನಾವು ಮಾತಾಡಲಿಲ್ಲ,
ರೇಡಿಯೋದಲ್ಲಿ ಬೇಸ್‌ಬಾಲ್ ಸೋಲುತ್ತಿತ್ತು.

ಮೆತ್ತಿದ ಮೇಲೆ ಉಜ್ಜುವುದು ನನ್ನ ಪಾಲು.
ಕಪ್ಪು ಹೊಗೆಯ ಹಾಗೆ ಬಣ್ಣ ಎರಚಿ
ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಉಜ್ಜು:
ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗು.
‘ನೋಡಬೇಡ, ಮುಟ್ಟು’ ಅಂದಳು.
ಕಣ್ಣು ಮುಚ್ಚಿದೆ.
ನಲವತ್ತು ವರ್ಷ ಹಿಂತೆಗೆಯಲು ಕಲಿತ ಕೈ
ಅಂದು ಅಲ್ಲೇ ಇತ್ತು, ಬಹಳ ಹೊತ್ತು,
ಆ ಉಬ್ಬಿನ ಮೇಲೆ.

ಅಕ್ಟೋಬರಿನಲ್ಲಿ, ಬಣ್ಣ ಒಣಗಿ, ಕಡು ನೀಲಿ.
ಬೀಗ ‘ಟಕ್’ ಎಂದು ಬಿತ್ತು.
ಆ ಸದ್ದಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.
ಬೀದಿಯ ಗಾಜುಗಳೆಲ್ಲ ಅದುರುವಂತೆ ಶುರುಮಾಡಿ
ಗೇಟಿನವರೆಗೆ ಬಂದು ನಿಲ್ಲಿಸಿದಳು.
ಕಿಟಕಿ ಇಳಿಸಿದಳು.
‘ದಾರಿಯೇ ಕಾಣಿಸುತ್ತಿಲ್ಲ!’

ಐದಡಿ ಒಂದಿಂಚಿನ ಹೆಂಗಸು.
ಎಲ್ಲ ಅಳೆದಿದ್ದಳು, ತನ್ನನ್ನೊಂದು ಬಿಟ್ಟು.

ಒಳಗೆ ಓಡಿ ಹಳೆಯ ಟೆಲಿಫೋನ್ ಡೈರೆಕ್ಟರಿ ತಂದೆ,
ಊರಿನ ಅರ್ಧ ಹೆಸರು ಸತ್ತವರದ್ದು, ದಪ್ಪ ಪುಸ್ತಕ.
ಅದರ ಮೇಲೆ ಕೂತಳು, ರಾಣಿಯ ಹಾಗಲ್ಲ,
ಕ್ಷೌರದಂಗಡಿಯ ಮಗುವಿನ ಹಾಗೆ.
‘ಈಗ?’
‘ಈಗ ಕಾಣುತ್ತೆ. ನೀನೂ ಹತ್ತು.’

ಬಾಗಿಲು ತೆಗೆಯುವಾಗ ಗಮನಿಸಿದೆ,
ಎಷ್ಟು ತಿಂಗಳಾಗಿತ್ತೋ,
ನನ್ನ ಕೈಯಲ್ಲಿ ಯಾವುದರ ತುದಿಯೂ ಇರಲಿಲ್ಲ.